ಕೇಳುವ ಮೊದಲೇ ಕೊಟ್ಟ ಮಾತು

ಒಮಾನಿನ ಮತ್ರಾ ಬಂದರಿನ ಎದುರಿಗಿದ್ದ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯದಲ್ಲಿ ಎಲ್ಲವೂ ಇತ್ತು. ಅಮೃತಶಿಲೆಯ ನೆಲ ಇತ್ತು, ಅನುವಾದಕರಿದ್ದರು, ಬೇರೆ ಬೇರೆ ದೇಶಗಳಿಂದ ಕರೆಸಿದ ನ್ಯಾಯಮೂರ್ತಿಗಳಿದ್ದರು, ಅವರು ತೊಡಲು ಕಡುನೀಲಿ ನಿಲುವಂಗಿಗಳಿದ್ದವು. ಇಲ್ಲದಿದ್ದದ್ದು ಮೊಕದ್ದಮೆ ಮಾತ್ರ. ಬಾಗಿಲು ತೆರೆದು ಎರಡನೇ ವರ್ಷ ನಡೆಯುತ್ತಿದ್ದರೂ ಒಬ್ಬನೇ ಒಬ್ಬ ವ್ಯಾಪಾರಿ ಜಗಳ ಆಡಿಕೊಂಡು ಒಳಗೆ ಬಂದಿರಲಿಲ್ಲ. ನ್ಯಾಯಮೂರ್ತಿಗಳು ಕಿಟಕಿಯಲ್ಲಿ ನಿಂತು ಹಡಗು ನೋಡುತ್ತಿದ್ದರು.

ಈ ನ್ಯಾಯಾಲಯದ ಮುಖ್ಯಸ್ಥೆ ಜುವೈನಾ ಬಿಂತ್ ಸುಲೈಮ್. ಅವಳ ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಸುದ್ದಿ ವಿಚಾರಿಸಬೇಕು, ಕೇಳಿಸಿಕೊಂಡವರು ಮನೆಗೆ ಬೆಂಕಿ ಬಿದ್ದಿದ್ದರೂ "ಸುದ್ದಿ ಏನಿಲ್ಲ, ಎಲ್ಲ ಕ್ಷೇಮ" ಎಂದೇ ಶುರುಮಾಡಬೇಕು. ಜುವೈನಾಗೆ ಈ ಮರ್ಯಾದೆ ಪಾಲಿಸಲು ಯಾವ ಕಷ್ಟವೂ ಇರಲಿಲ್ಲ. ನ್ಯಾಯಾಲಯದ ಸುದ್ದಿ ಏನು ಎಂದು ಯಾರಾದರೂ ಕೇಳಿದರೆ, ಇಡೀ ಮಸ್ಕತ್‌ನಲ್ಲಿ ಆ ಮಾತನ್ನು ನಿಜವಾಗಿ ಹೇಳುತ್ತಿದ್ದವಳು ಅವಳೊಬ್ಬಳೇ.

ಅವಳು ಹುಟ್ಟಿದ್ದು ಸುಮಾಯಿಲ್‌ನ ಖರ್ಜೂರದ ತೋಟಗಳ ನಡುವೆ. ಹೆತ್ತ ತಾಯಿ ಹೆರಿಗೆಯಲ್ಲೇ ತೀರಿಕೊಂಡಳು. ತಾಯಿಯ ಅಕ್ಕ ರಾಯಾಳ ಮಡಿಲಲ್ಲಿ ಆಗ ಮೂರು ತಿಂಗಳ ಹಿಲಾಲ್ ಇದ್ದ. ಅವಳು ಮಗನನ್ನು ಒಂದು ಪಕ್ಕಕ್ಕೂ ತಂಗಿಯ ಮಗಳನ್ನು ಇನ್ನೊಂದು ಪಕ್ಕಕ್ಕೂ ಹಾಕಿಕೊಂಡು ಹಾಲೂಡಿಸಿದಳು. ಹೀಗೆ ಹಿಲಾಲ್ ಅವಳಿಗೆ ಹಾಲಣ್ಣನಾದ. ಆ ಸೀಮೆಯಲ್ಲಿ ಹಾಲಣ್ಣನೆಂದರೆ ಒಡಹುಟ್ಟಿದ ಅಣ್ಣನೇ. ಅವನನ್ನು ಮದುವೆಯಾಗುವಂತಿಲ್ಲ, ಅವನಿಂದ ಮುಖ ಮುಚ್ಚಿಕೊಳ್ಳಬೇಕಾಗಿಲ್ಲ, ಅವನು ದಡ್ಡತನ ಮಾಡಿದರೆ ತಲೆ ತಗ್ಗಿಸದೆ ವಿಧಿಯಿಲ್ಲ.

ಜುವೈನಾ ಕೈರೋಗೆ ಹೋಗಿ ಕಾನೂನು ಓದಿ ಬಂದು ಮತ್ರಾದಲ್ಲೇ ವಕೀಲಿಕೆಗೆ ಕೂತಳು. ಹಡಗು, ಸರಕು, ವಿಮೆಗಳ ಕರಾರು ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಆದರೂ ಮೊದಮೊದಲು ಕಕ್ಷಿದಾರರು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಮೂಲೆಯಲ್ಲಿದ್ದ ಗುಮಾಸ್ತನ ಕಡೆ ತಿರುಗಿ "ಹೌದಾ?" ಎನ್ನುತ್ತಿದ್ದರು. ಗುಮಾಸ್ತ "ಹೌದು" ಎನ್ನುತ್ತಿದ್ದ. ಕೆಲವು ವರ್ಷಗಳ ಮೇಲೆ ಗುಮಾಸ್ತ ನಿವೃತ್ತನಾದ. ಆಮೇಲೆ ಬೇರೆ ದಾರಿ ಕಾಣದೆ ಅವರು ಅವಳನ್ನೇ ನಂಬಿದರು.

ಸಚಿವಾಲಯಕ್ಕೆ ಹೊಸ ನ್ಯಾಯಾಲಯ ಕಟ್ಟುವ ಮನಸ್ಸಾದಾಗ ಕರೆ ಬಂದದ್ದು ಅವಳಿಗೆ. ಅವಳು ಬಂದವಳೇ ಬಾಗಿಲಿನ ಹಿಡಿಕೆಯಿಂದ ಹಿಡಿದು ನಿಯಮಾವಳಿಯ ಕೊನೆಯ ಸಾಲಿನವರೆಗೆ ಎಲ್ಲವನ್ನೂ ತಾನೇ ಆರಿಸಿದಳು. ತನ್ನ ಬಂಧುಗಳ ಮೊಕದ್ದಮೆ ಬಂದರೆ ನ್ಯಾಯಮೂರ್ತಿ ಅದರಿಂದ ಹಿಂದೆ ಸರಿಯಬೇಕು ಎಂಬ ನಿಯಮ ಹೊರದೇಶದ ಮಾದರಿಗಳಲ್ಲೆಲ್ಲ ಇತ್ತು. ಬಂಧುಗಳ ಸಾಲಿಗೆ ಜುವೈನಾ ಹಾಲಿನ ಸಂಬಂಧವನ್ನೂ ಸೇರಿಸಿದಳು. ಐರ್ಲೆಂಡಿನಿಂದ ಬಂದ ನ್ಯಾಯಮೂರ್ತಿಯೊಬ್ಬರು ಅದನ್ನು ಮತ್ತೆ ಮತ್ತೆ ಓದಿ, ಇದು ಹಾಲಿನ ಡೈರಿಗಳಿಗೆ ಸಂಬಂಧಿಸಿದ ನಿಯಮವೇ ಎಂದು ವಿಚಾರಿಸಿದರು. ಅಲ್ಲವೆಂದು ತಿಳಿದ ಮೇಲೆ, ನಿಮ್ಮ ದೇಶದಲ್ಲಿ ಬಂಧುಗಳು ಸ್ವಲ್ಪ ಜಾಸ್ತಿಯೇ ಎಂದು ನಿಟ್ಟುಸಿರುಬಿಟ್ಟರು.

ಮೊಕದ್ದಮೆ ಬರದಿದ್ದಕ್ಕೆ ಕಾರಣ ಸರಳವಾಗಿತ್ತು. ಜಗಳವಾದರೆ ಇಲ್ಲಿಗೇ ಬರುತ್ತೇವೆ ಎಂದು ಕರಾರಿನಲ್ಲಿ ಮೊದಲೇ ಬರೆದುಕೊಂಡವರು ಮಾತ್ರ ಈ ನ್ಯಾಯಾಲಯಕ್ಕೆ ಬರಬಹುದಿತ್ತು. ಬರೆದುಕೊಳ್ಳುವವರು ಬೇಕಲ್ಲ. ಜುವೈನಾ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಅಂಗಡಿ, ಗೋದಾಮು, ಹಡಗು ಕಚೇರಿಗಳನ್ನೆಲ್ಲ ಸುತ್ತಿದಳು. ಬಾಯಲ್ಲಿ ಆಡಿದ ಮಾತನ್ನೂ ಕಾಗದದಲ್ಲಿ ಬರೆದ ಮಾತನ್ನೂ ಈ ನ್ಯಾಯಾಲಯ ಉಳಿಸಿಕೊಡುತ್ತದೆ ಎಂದು ಎಲ್ಲರಿಗೂ ಹೇಳಿದಳು. ವ್ಯಾಪಾರಿಗಳು ಮರ್ಯಾದೆಯಿಂದ ಹಲ್ವಾ ಕೊಟ್ಟರು, ಕಾಫಿ ಕೊಟ್ಟರು, ಸಹಿ ಮಾತ್ರ ಕೊಡಲಿಲ್ಲ. "ಅಮ್ಮಾ, ನಿಕಾಹ್ ದಿನಾನೇ ತಲಾಖಿನ ಕಾಜಿಗೂ ಹೇಳಿಕಳಿಸ್ತಾರಾ?" ಎಂದು ಒಬ್ಬ ಮುದುಕ ಕೇಳಿಯೇಬಿಟ್ಟ. ಅವಳು ಕಾಫಿ ಮುಗಿಸಿ ಮುಂದಿನ ಅಂಗಡಿಗೆ ನಡೆದಳು.

ಒಪ್ಪಿದವನು ಹಿಲಾಲ್ ಒಬ್ಬನೇ. ಉಪ್ಪುನೀರಲ್ಲಿ ಕುದಿಸಿ, ಬಿಸಿಲಲ್ಲಿ ಕಪ್ಪಾಗುವವರೆಗೆ ಒಣಗಿಸಿದ ನಿಂಬೆಹಣ್ಣನ್ನು ಬಸ್ರಾಗೆ ಕಳಿಸುವುದು ಅವನ ವ್ಯಾಪಾರ. ಕೊಳ್ಳುವವನು ಅಲ್ಲಿನ ಹಾಜಿ ಶಾಕಿರ್. ಇಬ್ಬರ ನಡುವೆ ಒಂದು ದಿನವೂ ಮಾತಿಗೆ ಮಾತು ಬೆಳೆದದ್ದಿಲ್ಲ. ಬರೆದಿಡು ಅಷ್ಟೇ, ಯಾವತ್ತೂ ಉಪಯೋಗಕ್ಕೆ ಬರುವುದಿಲ್ಲ ಎಂದು ಜುವೈನಾ ಪುಸಲಾಯಿಸಿದಳು. ತಂಗಿ ಹೇಳಿದಳೆಂದು ಹಿಲಾಲ್ ಬರೆದ, ಹಿಲಾಲ್ ಬರೆದನೆಂದು ಶಾಕಿರ್ ಸಹಿ ಹಾಕಿದ.

ಅಷ್ಟರಲ್ಲಿ ಸಚಿವಾಲಯದಿಂದ ಒಬ್ಬ ಅಧಿಕಾರಿ ಬಂದು ಕಟ್ಟಡವನ್ನೆಲ್ಲ ಓಡಾಡಿ ನೋಡಿದ. ಇಲ್ಲಿಂದ ಸಮುದ್ರ ಬಹಳ ಚೆನ್ನಾಗಿ ಕಾಣುತ್ತದೆ, ಪ್ರವಾಸೋದ್ಯಮದವರು ಜಾಗ ಹುಡುಕುತ್ತಿದ್ದಾರೆ, ಈ ವರ್ಷ ಮುಗಿಯಲಿ ನೋಡೋಣ ಎಂದು ಹೇಳಿ ಹೋದ. ಜುವೈನಾಗೆ ಅನ್ನ ಸೇರದಾಯಿತು.

ವರ್ಷದ ಕೊನೆಗೆ ಮೊದಲ ಮೊಕದ್ದಮೆ ಬಂತು. ಸಿಬ್ಬಂದಿಯೆಲ್ಲ ಓಡಿಬಂದು ಒಬ್ಬರಿಗೊಬ್ಬರು ಕೈಕುಲುಕಿದರು. ಯಾರೋ ಹಲ್ವಾ ತರಿಸಿದರು. ಉಪಮುಖ್ಯಸ್ಥರಾಗಿದ್ದ ಟ್ಯುನೀಸಿಯಾದ ನ್ಯಾಯಮೂರ್ತಿ ತಿಜಾನಿ ಕನ್ನಡಕ ಹಾಕಿಕೊಂಡು ಕಕ್ಷಿದಾರರ ಹೆಸರು ಓದಿದರು. ಬಸ್ರಾದ ಹಾಜಿ ಶಾಕಿರ್, ಸುಮಾಯಿಲ್‌ನ ಹಿಲಾಲ್‌ನ ಮೇಲೆ. ನಿಂಬೆಹಣ್ಣೆಲ್ಲ ಬೂಸ್ಟು ಹಿಡಿದು ಬಂದಿದೆಯಂತೆ.

"ಮೇಡಂ, ಅಭಿನಂದನೆ ಹೇಳ್ಬೇಕೋ ಸಂತಾಪ ಹೇಳ್ಬೇಕೋ ತಿಳೀತಿಲ್ಲ," ಎಂದರು ತಿಜಾನಿ.

ಜುವೈನಾ ತಾನೇ ಬರೆದ ನಿಯಮದ ಪ್ರಕಾರ ಹಿಂದೆ ಸರಿದು, ಮೊಕದ್ದಮೆಯನ್ನು ತಿಜಾನಿಯವರ ಕೈಗೆ ಕೊಟ್ಟಳು. ಅದರ ವಿಷಯ ತನ್ನ ಕಿವಿಗೂ ಬೀಳಬಾರದೆಂದು ಕಟ್ಟಪ್ಪಣೆ ಮಾಡಿ ಮೇಲಿನ ಮಹಡಿಗೆ ಹೋಗಿ ಕೂತಳು. ಅಣ್ಣನ ಮೇಲೆ ಮರುಕವಿತ್ತು. ಆದರೆ ನ್ಯಾಯಾಲಯ ಉಳಿಯಿತಲ್ಲ ಎಂಬ ಸಂತೋಷ ಅದಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಇತ್ತು. ಆ ಸಂತೋಷಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಆ ಶುಕ್ರವಾರ ಬೆಳಿಗ್ಗೆ, ಅವಳು ಖಾಲಾ ಎಂದು ಕರೆಯುವ ದೊಡ್ಡಮ್ಮ ರಾಯಾ ಸುಮಾಯಿಲ್‌ನಿಂದ ಅವಳ ಮನೆಗೆ ಬಂದಳು. ಎಂಬತ್ತರ ಹತ್ತಿರದ ಮುದುಕಿ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಚಾಪೆಯ ಮೇಲೆ ಕೂತಳು. ಸುದ್ದಿ ಕೇಳಿದ್ದಾಯಿತು, ಸುದ್ದಿ ಏನಿಲ್ಲ ಎಂದದ್ದಾಯಿತು. ಖರ್ಜೂರ ಬಂತು. ಜುವೈನಾ ಎಡಗೈಯಲ್ಲಿ ಹೂಜಿ ಹಿಡಿದು ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿ ಬಲಗೈಯಲ್ಲಿ ಕೊಟ್ಟಳು. ಖಾಲಾ ಬಟ್ಟಲನ್ನು ತುಟಿಗೆ ತಾಗಿಸದೆ ತನ್ನ ಮುಂದೆ ಕೆಳಗಿಟ್ಟಳು.

ಬೇಡಿಕೆ ಇಟ್ಟುಕೊಂಡು ಬಂದವರು ಹೀಗೆ ಬಟ್ಟಲನ್ನು ಕೆಳಗಿಡುತ್ತಾರೆ. ಆಗಲಿ ಎಂದು ಮನೆಯವರು ಹೇಳುವವರೆಗೆ ಕುಡಿಯುವುದಿಲ್ಲ. ಏನು ಬೇಕು ಎಂದು ಕೇಳಿ ಒಪ್ಪುವವರು ಸಾಧಾರಣದವರು. ಕೈ ದೊಡ್ಡದಿರುವವರು ಕೇಳುವ ಮೊದಲೇ ಕೊಟ್ಟುಬಿಡುತ್ತಾರೆ. ಬಟ್ಟಲು ತುಂಬಿದ್ದ ಹಾಗೇ ಅತಿಥಿ ಎದ್ದುಹೋದ ಮನೆಯ ಹೆಸರನ್ನು ಮೊಮ್ಮಕ್ಕಳ ಕಾಲದವರೆಗೂ ಜನ ಆಡಿಕೊಳ್ಳುತ್ತಾರೆ. ಜುವೈನಾ ನ್ಯಾಯಪೀಠದಲ್ಲಿ ಎರಡೂ ಕಡೆಯವರ ಮಾತು ಪೂರ್ತಿ ಮುಗಿಯುವವರೆಗೆ ಹುಬ್ಬು ಕೂಡ ಅಲುಗಿಸಬಾರದೆಂದು ಬೇರೆ ನ್ಯಾಯಮೂರ್ತಿಗಳಿಗೆ ಪಾಠ ಹೇಳುತ್ತಿದ್ದವಳು. ಹಾಲೂಡಿಸಿದವಳ ಬಟ್ಟಲು ಕೆಳಗೆ ಕೂತದ್ದನ್ನು ಕಂಡದ್ದೇ ತಡ, ಬಾಯಿ ತಾನಾಗಿ ತೆರೆದುಕೊಂಡಿತು.

"ಕುಡಿ ಖಾಲಾ. ನೀನು ಏನು ಕೇಳಿದ್ರೂ ನಿಂದೇ."

ಅಂದಮೇಲೆ ತಾನು ಏನು ಅಂದೆನೆಂದು ಹೊಳೆಯಿತು. ಖಾಲಾ ಯಾಕೆ ಬಂದಿದ್ದಾಳೆಂದು ಊಹಿಸಲು ಕೈರೋದಲ್ಲಿ ಓದಬೇಕಾಗಿರಲಿಲ್ಲ. ಖಾಲಾ ಅವಳ ಮುಖವನ್ನೇ ಬಹಳ ಹೊತ್ತು ನೋಡುತ್ತಾ ಕೂತಳು. ಆಮೇಲೆ ಬಟ್ಟಲೆತ್ತಿ ನಿಧಾನವಾಗಿ ಕುಡಿದಳು. ಇನ್ನೊಂದು ಹಾಕಿಸಿಕೊಂಡಳು, ಮತ್ತೊಂದು ಹಾಕಿಸಿಕೊಂಡಳು. ಸಾಕೆಂದು ಬಟ್ಟಲನ್ನು ಅಲ್ಲಾಡಿಸಿ ಕೊಟ್ಟ ಮೇಲೇ ಬಾಯಿಬಿಟ್ಟಳು.

"ಹಿಲಾಲ್ ಆ ಕೋರ್ಟಲ್ಲಿ ಒಬ್ನೇ ಇರಬಾರ್ದು. ಮುಗಿಯೋವರ್ಗೂ ನೀನು ಅವನ ಪಕ್ಕ ಕೂತ್ಕೋಬೇಕು."

"ನಾನು ಆ ಕೋರ್ಟಿನ ಮುಖ್ಯಸ್ಥೆ ಖಾಲಾ. ಒಬ್ರ ಪಕ್ಕ ಹೇಗೆ ಕೂತ್ಕೊಳ್ಳಲಿ?"

"ತಂಗಿ ಆಗಿ ಕೂತ್ಕೋ."

"ಹಾಗೆ ಕೂರ್ಬೇಕಾದ್ರೆ ಕುರ್ಚಿ ಬಿಡ್ಬೇಕಾಗುತ್ತೆ."

"ನಾನೇನು ನಿನ್ನ ಕುರ್ಚಿ ಕೇಳ್ಲಿಲ್ವಲ್ಲ," ಎಂದಳು ಖಾಲಾ, ಖರ್ಜೂರದ ಬೀಜವನ್ನು ತಟ್ಟೆಯ ಅಂಚಿಗೆ ಇಡುತ್ತಾ.

ಜುವೈನಾಗೆ ಮುದುಕಿಯ ಮೇಲೆ ಕಡುಕೋಪ ಬಂತು. ಕೋಪವನ್ನು ತೋರಿಸುವಂತಿರಲಿಲ್ಲವಾದ್ದರಿಂದ ಧೂಪ ತಂದು ಹೊಗೆ ಹಿಡಿದಳು. ಆತಿಥ್ಯದಲ್ಲಿ ಒಂದು ಎಳೆಯೂ ಕಡಿಮೆಯಾಗಲಿಲ್ಲ.

ಮರುದಿನ ಅವಳು ತಿಜಾನಿಯವರನ್ನು ಕರೆದು ನಡೆದದ್ದನ್ನು ಹೇಳಿದಳು. ಅವರು ಎಲ್ಲ ಕೇಳಿ, "ಕಾಫಿ ಕುಡಿದುಬಿಟ್ರಾ ಅವರು?" ಎಂದರು.

"ಮೂರು ಬಟ್ಟಲು."

"ಹಾಗಾದ್ರೆ ಮೇಲ್ಮನವಿಗೂ ಅವಕಾಶ ಇಲ್ಲ."

ಆದರೂ ಅವರು ಮನಸ್ಸು ತಿರುಗಿಸಲು ನೋಡಿದರು. ಮನೆಯೊಳಗೆ ಇಬ್ಬರು ಹೆಂಗಸರು ಆಡಿಕೊಂಡದ್ದು ಯಾರಿಗೆ ಗೊತ್ತು, ಮುದುಕಿಗೆ ಸಮಾಧಾನ ಹೇಳಿದರೆ ಮುಗಿಯಿತು, ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಮೊದಲ ಮೊಕದ್ದಮೆಯ ಹೊತ್ತಿಗೆ ಬಿಟ್ಟುಹೋಗುವುದು ಬುದ್ಧಿವಂತರ ಲಕ್ಷಣವೇ ಎಂದು ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಕೊಟ್ಟ ಮಾತು ಉಳಿಸ್ಕೊಡ್ತೀವಿ ಬನ್ನಿ ಅಂತ ಎರಡು ವರ್ಷ ಊರೆಲ್ಲ ಸುತ್ತಿದೀನಿ," ಎಂದಳು ಜುವೈನಾ. "ಈಗ ನನ್ನ ಮಾತನ್ನ ನಾನೇ ನುಂಗಿ, ಯಾವ ಮುಖ ಇಟ್ಕೊಂಡು ಆ ಕುರ್ಚಿ ಮೇಲೆ ಕೂರ್ಲಿ?"

ರಾಜೀನಾಮೆಯನ್ನು ಸಚಿವಾಲಯದ ಅಧಿಕಾರಿ ಎರಡೂ ಕೈಯಲ್ಲಿ ಸ್ವೀಕರಿಸಿದ. ಹಾಗಾದರೆ ನ್ಯಾಯಾಲಯ ಮುಚ್ಚಿತೆಂದು ತಿಳಿಯೋಣವೇ ಎಂದು ಕೇಳಿದ. ಮೊಕದ್ದಮೆ ಇದೆ, ಮುಚ್ಚುವಂತಿಲ್ಲ ಎಂದಾಗ ಅವನ ಮುಖ ಸಣ್ಣಗಾಯಿತು. ತಿಜಾನಿ ಮುಖ್ಯಸ್ಥರಾದರು. ಜುವೈನಾ ತನ್ನ ಕೋಣೆಯಿಂದ ಒಂದು ಚೀಲ ಹಿಡಿದುಕೊಂಡು ಇಳಿದುಬಂದಳು. ಬಾಗಿಲಿನ ಹಿಡಿಕೆ ಮುಟ್ಟಿದಾಗ ಅವಳಿಗೆ ಅಳು ಬಂತು, ಅಲ್ಲೇ ನಿಂತು ಅತ್ತಳು. ಕಾವಲುಗಾರ ಬೇರೆ ಕಡೆ ನೋಡಿದ.

ವಿಚಾರಣೆಯ ದಿನ ಅವಳು ಹಿಲಾಲ್‌ನ ಪಕ್ಕ ಬೆಂಚಿನ ಮೇಲೆ ಕೂತಳು. ಕಕ್ಷಿದಾರರು ಸುಮ್ಮನೆ ಕಾಲ ಕಳೆಯಬಾರದೆಂದು ಗಟ್ಟಿ ಮರದ ಬೆಂಚನ್ನೇ ಆರಿಸಿದವಳು ಅವಳು. ಸೊಂಟ ನೋವು ಶುರುವಾದಾಗ ಆ ಆಯ್ಕೆ ಸರಿಯಾದದ್ದೇ ಎಂದು ತಿಳಿಯಿತು. ಅವಳು ಬಾಯಿ ತೆರೆಯುವಂತಿರಲಿಲ್ಲ. ನ್ಯಾಯಾಲಯ ಬಿಟ್ಟವರು ಎರಡು ವರ್ಷ ಅಲ್ಲಿ ವಾದಿಸಬಾರದೆಂಬುದು ಕೂಡ ಅವಳದೇ ನಿಯಮ. ಎದುರಿನ ಬೆಂಚಿನಲ್ಲಿ ಹಾಜಿ ಶಾಕಿರ್ ತನ್ನ ತಮ್ಮಂದಿರನ್ನೆಲ್ಲ ಕಟ್ಟಿಕೊಂಡು ಕೂತಿದ್ದ.

ಹಿಲಾಲ್‌ನ ವಕೀಲ ಎಲ್ಲ ತಪ್ಪನ್ನೂ ಹಡಗಿನ ತಲೆಗೆ ಕಟ್ಟಿದ. ಹಡಗಿನ ಒಳಗೆ ತೇವವಿತ್ತು, ನಿಂಬೆ ಅಲ್ಲಿ ಕೆಟ್ಟಿತು ಎಂದ. ಹಿಲಾಲ್‌ಗೂ ಅದನ್ನೇ ಹೇಳಿಕೊಟ್ಟಿದ್ದ. ಸರದಿ ಬಂದಾಗ ಹಿಲಾಲ್ ಎದ್ದುನಿಂತ. ಚೀಲಕ್ಕೆ ತುಂಬುವಾಗ ಹಣ್ಣು ಪೂರ್ತಿ ಒಣಗಿತ್ತೇ ಎಂದು ತಿಜಾನಿ ಕೇಳಿದರು. ಹಿಲಾಲ್ ಬಾಯಿ ತೆರೆದು, ತಂಗಿಯ ಕಡೆ ನೋಡಿದ. ಜುವೈನಾ ನೆಲ ನೋಡುತ್ತಿದ್ದಳು. ಎದುರು ನೋಡಿ ಹೇಳಿ ಎಂದು ತಿಜಾನಿ ಎಚ್ಚರಿಸಿದರು. ಅವನು ಎದುರು ನೋಡಿದ, ಮತ್ತೆ ತಂಗಿಯ ಕಡೆ ನೋಡಿದ.

"ಆ ವಾರ ಮೋಡ ಇತ್ತು," ಎಂದ ಕೊನೆಗೆ. "ಹಡಗು ಹೊರಟುಬಿಡುತ್ತೆ ಅಂತ ಅವಸರ ಮಾಡಿ ತುಂಬಿಸ್ದೆ. ಒಳಗೆ ಇನ್ನೂ ಹಸಿ ಇತ್ತು."

ವಕೀಲ ತಲೆಯ ಮೇಲೆ ಕೈಹೊತ್ತು ಕೂತ. ತೀರ್ಪು ಹಿಲಾಲ್‌ನ ವಿರುದ್ಧ ಬಂತು. ಬರಬೇಕಾದದ್ದೇ ಬಂತು.

ಬಸ್ರಾದ ಮಂದಿ ಸುಮ್ಮನಿರುವವರಲ್ಲ. ಒಮಾನಿನ ಆ ನ್ಯಾಯಾಲಯದಲ್ಲಿ, ಅದನ್ನು ಕಟ್ಟಿದವಳ ಹಾಲಣ್ಣನೇ ಪರದೇಶದವನ ಎದುರು ಸೋತನಂತೆ, ಅವಳು ಪಕ್ಕದಲ್ಲೇ ಕೂತು ನೋಡಿದಳಂತೆ ಎಂಬ ಸುದ್ದಿ ಬಂದರಿನಿಂದ ಬಂದರಿಗೆ ಹೋಯಿತು. ಎರಡು ವರ್ಷ ಕಾಲು ಸವೆಸಿದರೂ ಸಿಗದ ಸಹಿಗಳು ತಾವಾಗಿ ಬೀಳತೊಡಗಿದವು. ಕರಾಚಿಯವರು ಬಂದರು, ಮೊಂಬಾಸಾದವರು ಬಂದರು, ತಲಾಖಿನ ಮಾತಾಡಿದ್ದ ಮುದುಕನೂ ಬಂದ. ತಿಜಾನಿಯವರಿಗೆ ಹಡಗು ನೋಡಲು ಪುರುಸೊತ್ತಿಲ್ಲ. ಸಚಿವಾಲಯದ ಅಧಿಕಾರಿ ತನಗೆ ಇದು ಮೊದಲೇ ಗೊತ್ತಿತ್ತೆಂದು ಭಾಷಣ ಮಾಡಿದ. ಜುವೈನಾ ಮತ್ರಾದ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬಂದವರಿಗೆ ಕರಾರು ಬರೆದುಕೊಡುತ್ತಾ ಕೂತಳು. ಅದರಲ್ಲಿ ಆ ನ್ಯಾಯಾಲಯದ ಹೆಸರು ಬರೆಯುವಾಗ ಒಳಗೆ ಏನೋ ಚುಚ್ಚುತ್ತಿತ್ತು.

ತೀರ್ಪಾದ ಮೇಲೆ ಬಹಳ ದಿನ ಅವಳು ಸುಮಾಯಿಲ್‌ಗೆ ಹೋಗಲಿಲ್ಲ. ಹೋದ ದಿನ ಖಾಲಾ ಬೇಲಿಯ ಬಳಿ ಕೂತು ನಿಂಬೆಹಣ್ಣನ್ನು ಬಿಸಿಲಿಗೆ ಹರಡುತ್ತಿದ್ದಳು. ಸುದ್ದಿ ಏನಿಲ್ಲ ಎಂದು ಇಬ್ಬರೂ ಹೇಳಿಕೊಂಡರು. ಹಿಲಾಲ್ ಕಣ್ಣಿಗೆ ಬೀಳಲಿಲ್ಲ. ಒಂದೊಂದೇ ಹಣ್ಣನ್ನು ಒತ್ತಿ ನೋಡಿ ಹರಡುವುದೇ ಅವನ ಈಗಿನ ಕೆಲಸ, ಅಲ್ಲೆಲ್ಲೋ ಹಿಂದಿನ ಅಂಗಳದಲ್ಲಿದ್ದಾನೆ ಎಂದಳು ಖಾಲಾ. ಬೈಗುಳವಿರಲಿಲ್ಲ, ಕಣ್ಣೀರೂ ಇರಲಿಲ್ಲ. ಜುವೈನಾಗೆ ತಡೆಯಲಾಗಲಿಲ್ಲ.

"ಖಾಲಾ, ಅವತ್ತು ನೀನು ಅದನ್ನ ಕೇಳೋಕೆ ಬಂದಿರ್ಲಿಲ್ಲ, ಅಲ್ವಾ?"

"ಇಲ್ಲ. ಅವನನ್ನ ಗೆಲ್ಸು ಅಂತ ಕೇಳೋಕೆ ಬಂದಿದ್ದೆ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ."

"ಮತ್ತೆ ಕೇಳ್ಲಿಲ್ಲ ಯಾಕೆ?"

ಖಾಲಾ ಕೈಯಲ್ಲಿದ್ದ ಹಣ್ಣನ್ನು ಬಿಸಿಲಿಗೆ ತಿರುಗಿಸಿ ಇಟ್ಟಳು.

"ನಾನು ಕೇಳೋ ಮೊದ್ಲೇ ನೀನು ಕೊಟ್ಟುಬಿಟ್ಟಿದ್ದೆಯಲ್ಲ ಮಗಳೇ. ಆ ಗೆಲುವನ್ನ ತಗೊಂಡಿದ್ರೆ ನಿಂದು ಅಂತ ಏನು ಉಳೀತಿತ್ತು?"