ಪ್ರೇಮಾವತಿ ಎದ್ದು ನಿಂತದ್ದು

ಸಿದ್ಧಕಟ್ಟೆಯ ಪ್ರೇಮಾವತಿ ವೆಲ್ಡಿಂಗಿಗೆ ಕುಳಿತರೆ ಮದುವೆ ಊಟಕ್ಕೆ ಕುಳಿತ ಹಾಗೆ, ಅವಸರವಿಲ್ಲ. ಮೊದಲು ಸ್ಟೂಲನ್ನು ಅಲ್ಲಾಡದ ಹಾಗೆ ಇಡುವುದು. ಪೈಪನ್ನು ಎದೆಯ ಎತ್ತರಕ್ಕೆ ಬಿಗಿಯುವುದು. ಮೊಣಕೈಯ ಅಡಿಗೆ ಮರಳಿನ ಚೀಲ. ಆಮೇಲೆ ಬೆಂಕಿ ಹಚ್ಚದೆಯೇ ಬೆಸುಗೆಯ ಟಾರ್ಚನ್ನು ಪೈಪಿನ ಸುತ್ತ ಒಂದು ಸಲ ತಿರುಗಿಸಿ, ಕೈ ಎಲ್ಲಿ ತಡೆಯುತ್ತದೆಂದು ನೋಡಿಕೊಳ್ಳುವುದು. ಬಲಗಾಲು ಪೆಡಲಿನ ಮೇಲೆ, ಒತ್ತಿದಷ್ಟು ಕಾವು.

ಇದನ್ನೆಲ್ಲ ಕಲಿಸಿದವರು ಗಂಡ ಲೋಕನಾಥ. ಗಲ್ಫಿನಲ್ಲಿ ಹದಿನೆಂಟು ವರ್ಷ ಇದೇ ಕೆಲಸ ಮಾಡಿ ಬಂದವರು. "ಮೈಗೆ ಸುಖ ಇಲ್ಲದಿದ್ರೆ ಕೈ ನಿಲ್ಲುವುದಿಲ್ಲ ಮಾರಾಯ್ತಿ, ಸರಿ ಕೂತುಕೋ" ಎನ್ನುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಅಂಗಡಿ ಇವಳದ್ದೇ.

ಆ ಸೋಮವಾರ ಕೇಶವಪ್ರಸಾದ ಮಾಸ್ಟ್ರ ಪಿಕಪ್ಪಿನ ಪೈಪು ಬಂದಿತ್ತು, ಎಂಜಿನ್ನಿಗೆ ಗಾಳಿ ಒಯ್ಯುವ ಅಲ್ಯೂಮಿನಿಯಂ ಪೈಪು. ಬೆಸುಗೆ ಇನ್ನು ಬೆರಳಗಲ ಉಳಿದಿತ್ತು.

"ಏನು ಪ್ರೇಮಾ, ಆಯಿತಾ?"

ಹಿಂದಿನಿಂದ ಸ್ವರ ಕೇಳಿದ್ದೇ ತಡ, ಧಡಕ್ಕನೆ ಎದ್ದು ನಿಂತಳು. ಮಾಸ್ಟ್ರು ಅವಳಿಗೆ ಮಗ್ಗಿ ಕಲಿಸಿದವರು. ಅವರು ಬಂದಾಗ ಕೂತೇ ಇದ್ದು ಅವಳಿಗೆ ಅಭ್ಯಾಸವಿಲ್ಲ. ಕಾಲು ಪೆಡಲು ಬಿಟ್ಟಿತು, ಬೆಂಕಿ ಒಮ್ಮೆಲೇ ಆರಿತು. ನಿಧಾನಕ್ಕೆ ಕಾವು ಇಳಿಸಿ ಮುಗಿಸಬೇಕಿದ್ದ ಜಾಗದಲ್ಲಿ ಒಂದು ಗುಳಿ, ಗುಳಿಯೊಳಗೆ ಕೂದಲೆಳೆಯಂಥ ಬಿರುಕು.

ಅದನ್ನು ಕೊರೆದು ತೆಗೆದು ಹೊಸತಾಗಿ ತುಂಬಬೇಕು. 'ಸ್ವಲ್ಪ ನಿಲ್ಲಿ ಸಾರ್, ಕೆಟ್ಟಿತು' ಎಂದಿದ್ದರೆ ಸಾಕಿತ್ತು. ಆದರೆ ಮಾಸ್ಟ್ರು ಜೊತೆಗೆ ಬಂದವರಿಗೆ "ನನ್ನ ಶಿಷ್ಯೆ ಇವಳು" ಎಂದು ತೋರಿಸುತ್ತಿದ್ದರು. ಅವಳು ಗುಳಿಯ ಮೇಲೆ ಒಂದು ಹನಿ ಕರಗಿಸಿ, ಅರ ಹಾಕಿ, ಹೊಳಪು ಮಾಡಿ ಕೊಟ್ಟುಬಿಟ್ಟಳು.

ಎರಡು ದಿನ ಆ ಬಿರುಕು ಕಣ್ಣಿನಿಂದ ಹೋಗಲಿಲ್ಲ. ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟಳು.

ಗುರುವಾರ ಬೆಳಿಗ್ಗೆ ಮಾಸ್ಟ್ರು, ಅವರ ಡ್ರೈವರ್ ಹಾರಿಸ್ ಇಬ್ಬರೂ ಬಂದರು. ಹಿಂದಿನ ದಿನ ಮುಂಡಾಜೆ ದಾಟಿ ಘಾಟಿಯ ಏರು ಹತ್ತುವಾಗ ಪಿಕಪ್ಪು ನಿಂತುಹೋಗಿತ್ತು. ಪೈಪು ಹಾರಿಸನ ಕೈಯಲ್ಲಿತ್ತು.

"ಏರಿನಲ್ಲಿ ಎಂಜಿನ್ನನ್ನು ಹಿಂಡಿದ್ರೆ ಇನ್ನೇನಾಗ್ತದೆ?" ಎಂದರು ಮಾಸ್ಟ್ರು.

"ಹಿಂಡಲಿಲ್ಲ ಸಾರ್. ಕಪ್ಪು ಹೊಗೆ ಬಂತು, ಎಳೆಯುವುದೇ ಇಲ್ಲ."

"ಹಾಗಾದ್ರೆ ಪ್ರೇಮನ ಕೆಲಸ ಸರಿ ಇಲ್ವಾ? ಸುಳ್ಳು ಬೇರೆ! ನೀನು ಬೇಡ ಇನ್ನು. ಕೀ ಇಡು ಇಲ್ಲಿ."

ಪೈಪು ಬಾಯಿ ಬಿಟ್ಟದ್ದು ಸರಿಯಾಗಿ ಆ ಗುಳಿಯ ಜಾಗದಲ್ಲೇ. ಪ್ರೇಮಾವತಿ ನೋಡಿದಳು. ಹಾರಿಸ್ ಕಿಸೆಯಿಂದ ಕೀ ತೆಗೆದು ಮೇಜಿನ ಮೇಲಿಟ್ಟ. ಅಷ್ಟಾಗುವವರೆಗೂ ಸುಮ್ಮನಿದ್ದಳು.

"ಸಾರ್, ತಪ್ಪು ಅವನದ್ದಲ್ಲ. ನೀವು ಬಂದಿರಿ ಅಂತ ನಾನು ಎದ್ದೆ, ಬಿರುಕು ಬಿತ್ತು. ಮುಚ್ಚಿ ಕೊಟ್ಟೆ."

"ಗೊತ್ತಿದ್ದೂ?"

ತಲೆ ತಗ್ಗಿಸಿದಳು. ಬೆತ್ತದಲ್ಲಿ ಎರಡು ಕೊಟ್ಟಿದ್ದರೆ ವಾಸಿ ಇತ್ತು. ಮಾಸ್ಟ್ರು ಕೀಯನ್ನು ಹಾರಿಸನತ್ತ ಸರಿಸಿ, ಹೊರಗೆ ಹೋಗಿ ರಸ್ತೆ ನೋಡುತ್ತ ನಿಂತರು.

"ನಿನ್ನೆಯಿಂದ ಬೈಗುಳ ತಿನ್ನುತ್ತಾ ಇದ್ದೇನೆ ಅಕ್ಕ," ಎಂದ ಹಾರಿಸ್. "ಒಂದು ಫೋನು ಮಾಡ್ಲಿಕ್ಕೆ ಆಗ್ಲಿಲ್ವಾ ನಿಮಗೆ?"

ಅವಳು ಪೈಪನ್ನು ಮತ್ತೆ ಬಿಗಿದಳು. ಹಳೆಯ ಬೆಸುಗೆಯನ್ನು ಪೂರ್ತಿ ಕೊರೆದು ತೆಗೆದು ಹೊಸತು ಹಾಕಿದಳು. ಹಾರಿಸ್ ಅದರ ಮೇಲೆ ಬೆರಳಾಡಿಸಿ ಕೇಳಿದ:

"ಇದು ನಿಲ್ತದಾ?"

ಅವಳ ಕೆಲಸಕ್ಕೆ ಈ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ.

"ಘಾಟಿ ಹತ್ತಿ ಬಂದು ನೀನೇ ಹೇಳು," ಎಂದಳು, ಮುಖ ಎತ್ತದೆ.

ಅವನು ಪೈಪು ಹಿಡಿದು ಹೊರಟ. ಯಾವತ್ತಿನ ಹಾಗೆ 'ಬರ್ತೇನೆ ಅಕ್ಕ' ಎನ್ನಲಿಲ್ಲ.