ಅತ್ತೆಗೂ ಹೇಳಬಾರದು, ಸೊಸೆಗೂ ಹೇಳಬಾರದು

ಮೊಬೈಲಿನ ಆ್ಯಪೊಂದು ಹೆಂಗಸರ ಮನಸ್ಸಿನ ಬೇಸರ ಕಳೆಯಲು ನೆರವಾಗುತ್ತದೆಯೇ ಎಂದು ತಿಳಿಯುವ ಅಧ್ಯಯನಕ್ಕೆ ಜನರನ್ನು ಸೇರಿಸುವುದು ನನ್ನ ಕೆಲಸವಾಗಿತ್ತು. ಚಿಕ್ಕೋಡಿಯಿಂದ ಬಸ್ಸು ಹಿಡಿದು ಏಕಸಂಬಿಗೆ ಹೋದೆ. ಸಂಜೆ ಹಾಲಿನ ಡೇರಿ ಮುಂದೆ ನಿಂತಿದ್ದ ಹೆಂಗಸರಿಗೆ ‘ಮಾನಸಿಕ ಆರೋಗ್ಯ’ ಎಂದು ಶುರು ಮಾಡಿದ್ದೇ ತಪ್ಪಾಯಿತು.

“ಏ, ಈ ಅಕ್ಕಾರು ಹುಚ್ಚರನ್ನ ಹುಡುಕಾಕ ಬಂದಾರ ನೋಡ್ರಬೇ!” ಎಂದು ಒಬ್ಬಾಕೆ ಕೂಗಿದಳು. ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ.

ಮರುದಿನ ಮಾತು ಬದಲಿಸಿದೆ. “ಜೀವಕ್ಕ ಬ್ಯಾಸರ ಆದಾಗ ಯಾರ ಮುಂದ ಹೇಳ್ತೀರಿ?” ಎಂದೆ. ಈ ಸಲ ಯಾರೂ ನಗಲಿಲ್ಲ. ಫೋನಿನಲ್ಲಿದ್ದ ಆ್ಯಪ್ ತೋರಿಸಿ, ಇದರ ಮುಂದೆ ಹೇಳಿಕೊಳ್ಳಬಹುದು ಎಂದೆ. ವಾಪಸು ಹೊರಟಾಗ, ಮೊದಲ ದಿನ ಕೂಗಿದ್ದ ಆಕೆಯೇ ಎಮ್ಮೆಯ ಹಗ್ಗ ಹಿಡಿದು ದಾರಿಯಲ್ಲಿ ಕಾಯುತ್ತಿದ್ದಳು. ಐವತ್ತು ದಾಟಿದಾಕೆ; ಆ ಕಡೆ ಅಂಥವರನ್ನು ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಾರೆ.

“ತಂಗಿ, ಆ ಫೋನಿಗೆ ಹೇಳಿದ್ದು ಊರಾಗ ಗೊತ್ತಾಗತೈತೇನ?”

“ಇಲ್ರಿ ಕಾಕು. ಬ್ಯಾಡ ಅನಿಸಿದ್ರ ಯಾವಾಗರ ಬಿಡಬಹುದು.”

“ನನ್ನ ಸೊಸಿಗೂ?”

“ಆಕಿಗೂ ಹೇಳಂಗಿಲ್ರಿ.”

ಮಗಳನ್ನು ನಿಪ್ಪಾಣಿಗೆ ಕೊಟ್ಟ ಮೇಲೆ ಸಂಜೆಯಾದರೆ ಮನೆ ಭಣಭಣ ಎನ್ನುತ್ತದೆ, ಅದನ್ನು ಹೇಳಿಕೊಂಡರೆ ಸೊಸೆ ನೊಂದುಕೊಳ್ಳುತ್ತಾಳೆ ಎಂದಳು. ಅಲ್ಲೇ ಅವಳ ಫೋನಿಗೆ ಆ್ಯಪ್ ಹಾಕಿಕೊಟ್ಟೆ. “ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ” ಎಂದಿತು ಅದರ ದನಿ.

“ಎಮ್ಮಿ ಯಾರ ಹಿಡೀಬೇಕ?” ಎಂದು ಅವಳು ಆ್ಯಪನ್ನೇ ಕೇಳಿದಳು.

ಹಗ್ಗ ನಾನು ಹಿಡಿದೆ. ಎಮ್ಮೆ ನನ್ನನ್ನು ದರದರ ಎಳೆದುಕೊಂಡು ಪಕ್ಕದವರ ಕಬ್ಬಿಗೆ ನುಗ್ಗಿತು. ಕಾಕು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. “ಈಗ ಹೇಗನಿಸುತ್ತಿದೆ?” ಎಂದು ಆ್ಯಪ್ ಕೇಳಿದಾಗ ನಗುವ ಮುಖ ಒತ್ತಿದಳು. ಅದು ಆ್ಯಪಿನ ಗುಣವೋ ಎಮ್ಮೆಯದೋ ನನಗಿನ್ನೂ ತಿಳಿದಿಲ್ಲ.

ಕೆಲವು ದಿನ ಕಳೆದು ಅವಳ ಸೊಸೆ ಡೇರಿಯ ಹಿಂದೆ ನನ್ನನ್ನು ಕರೆದಳು. “ಅಕ್ಕಾರ, ನನ್ನೂ ಸೇರಿಸ್ಕೋರಿ. ನಾದಿನಿ ಹೋದಮ್ಯಾಲ ಮನ್ಯಾಗ ಮಾತಾಡಾಕ ಯಾರೂ ಇಲ್ಲ. ನಮ್ಮ ಅತ್ತಿಯಾರಿಗೆ ಮಾತ್ರ ಹೇಳಬ್ಯಾಡ್ರಿ.”

ಇಬ್ಬರಿಗೂ ಒಬ್ಬಳದೇ ನೆನಪು! ಹೇಳಿಬಿಡಲು ನಾಲಿಗೆ ತುರಿಸಿತು; ಮಾತು ಕೊಟ್ಟಿದ್ದೆ, ಅವಳ ಫೋನಿಗೂ ಆ್ಯಪ್ ಹಾಕಿಕೊಟ್ಟು ಹೊರಟೆ.

ಆಮೇಲೊಂದು ಸಂಜೆ ಇಬ್ಬರೂ ಸೇರಿ ನನ್ನನ್ನು ಚಹಾಕ್ಕೆ ಎಳೆದೊಯ್ದರು. ಎರಡೂ ಫೋನುಗಳು ಒಟ್ಟಿಗೇ “ಇಂದು ಹೇಗಿದ್ದೀರಿ?” ಎಂದು ಕೂಗಿ ಗುಟ್ಟು ರಟ್ಟಾಗಿತ್ತಂತೆ. ಆ ದಿನ ಅಡುಗೆ ಮನೆಯಲ್ಲೇ ಕೂತು ಇಬ್ಬರೂ ಅತ್ತು, ನಕ್ಕು, ನಿಪ್ಪಾಣಿಗೆ ಫೋನ್ ಹಚ್ಚಿದರಂತೆ.

“ನಮಗ ಒಂದ ಮಾತ ಹೇಳಬಾರದಿತ್ತೇನ?” ಎಂದು ಕಾಕು ನನ್ನನ್ನು ಗದರಿದಳು. ಸೊಸೆ ನನ್ನ ತಟ್ಟೆಗೆ ಮತ್ತಷ್ಟು ಚುರುಮುರಿ ಸುರಿದಳು.