ಮೂರು ಬೆಲ್, ಆಮೇಲೆ ಹಾಡು

ದೆವ್ವ, ಆತ್ಮ, ಪವಾಡ ಇವೆಲ್ಲದರ ವಿರುದ್ಧ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ್ದೇನೆ, ಗೆದ್ದೂ ಇದ್ದೇನೆ. ಇವತ್ತು ವೇದಿಕೆ ಹತ್ತಿಸಿದರೂ ಅದೇ ಪಕ್ಷ ಹಿಡಿಯುತ್ತೇನೆ. ಆದರೆ ಎದುರಾಳಿ ಎದ್ದು ನಿಂತು, "ಸ್ವಾಮಿ, ಮೈಸೂರು ಮೈನ್ಸ್‌ನ ಆ ಸಂಜೆಗೆ ಏನು ಹೇಳ್ತೀರಿ?" ಎಂದು ಕೇಳಿದರೆ ನಾನು ವೇದಿಕೆ ಇಳಿದುಬಿಡಬೇಕಾಗುತ್ತದೆ. ಪುಣ್ಯಕ್ಕೆ ಆ ಪ್ರಶ್ನೆ ಯಾರಿಗೂ ಗೊತ್ತಿಲ್ಲ. ಈಗ ನಾನೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ನಮ್ಮ ಮನೆ ಬಂಗಾರಪೇಟೆಯಲ್ಲಿ. ದಿನಾ ರೈಲಿನಲ್ಲಿ ಕೆ.ಜಿ.ಎಫ್. ಕಾಲೇಜಿಗೆ ಹೋಗಿಬರುತ್ತಿದ್ದೆ. ಸಹಪಾಠಿ ಸೆಲ್ವರಾಜ್ ಅಲ್ಲಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕಾಲೋನಿಯ ಹುಡುಗ, ಅಲ್ಲಿಯ ಪುಟ್ಟ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಶನಿವಾರ ಸಂಜೆ ಅವರಿಗೆ ಹಾಡಿನ ಅಭ್ಯಾಸ. ನಮ್ಮ ಮನೆಯಲ್ಲಿ ಶನಿವಾರ ಒಪ್ಪೊತ್ತು. ಹೀಗಾಗಿ ನಾನು ಮೊದಲು ಹೋದದ್ದು ಅಲ್ಲಿ ಕೊಡುತ್ತಿದ್ದ ಬನ್ನು, ಟೀಗೆ ಎಂದರೆ ಸುಳ್ಳಲ್ಲ. ಪಾದ್ರಿಗಳನ್ನು ಅಲ್ಲಿಯವರು 'ಅಯ್ಯರ್' ಅನ್ನುವುದು ಕೇಳಿ ಮೊದಲ ದಿನ ನಾನು ಜುಟ್ಟು ಹುಡುಕಿದ್ದೂ ನಿಜ.

ಆಮೇಲೆ ಹಾಡಿಗೇ ಹೋಗತೊಡಗಿದೆ. ನಾಲ್ಕು ಬಗೆಯ ಕಂಠಗಳು ನಾಲ್ಕು ದಾರಿಯಲ್ಲಿ ಹೊರಟು ಒಂದೇ ಕಡೆ ಬಂದು ಸೇರುವುದನ್ನು ಎದುರಿಗೆ ಕೂತು ಕೇಳಿದ ಮೇಲೆ ರೇಡಿಯೋ ಸಪ್ಪೆಯಾಯಿತು. ತಗ್ಗು ಸ್ವರದವರು ಹಾಡಿದರೆ ಬೆಂಚಿನ ಹಲಗೆ ತೊಡೆಗೆ ಗುಂಯ್ ಎನ್ನುತ್ತಿತ್ತು. ದೇವರ ವಿಷಯದಲ್ಲಿ ನನ್ನ ತಕರಾರು ಇದ್ದಲ್ಲೇ ಇತ್ತು. ಹಾಡಿನ ವಿಷಯದಲ್ಲಿ ತಕರಾರು ಇರಲಿಲ್ಲ.

ಆ ತಗ್ಗು ಸ್ವರದ ಹಿರಿಯ ಡೇನಿಯಲ್ ಅಣ್ಣ, ಸೆಲ್ವರಾಜನ ಅಕ್ಕ ಅರ್ಪುದಮ್ಮನ ಗಂಡ. ಗಣಿಯ ತಳದಲ್ಲಿ ಬೆಲ್ ಹೊಡೆಯುವ ಕೆಲಸ. ಆಳುಗಳನ್ನೂ ಅದಿರನ್ನೂ ಮೇಲೆತ್ತುವ ಕಬ್ಬಿಣದ ಕೇಜು ಏಳಬೇಕೋ ನಿಲ್ಲಬೇಕೋ ಎಂದು ಮೇಲಿನವರಿಗೆ ತಿಳಿಸುವುದು ಆ ಬೆಲ್ಲೇ. ಚರ್ಚಿನಲ್ಲೂ ಆತನಿಗೆ ಆ ಚಾಳಿ. ಹಾಡು ಶುರುವಾಗುವ ಮುಂಚೆ ಬೆಂಚಿನ ಮೇಲೆ ಗೆಣ್ಣಿನಿಂದ ಮೂರು ಸಲ ಬಡಿಯಬೇಕು, ಮುಗಿದ ಮೇಲೆ ಒಂದು ಸಲ. ಯಾಕೆ ಅಂತ ಕೇಳಿದ್ದಕ್ಕೆ ನಕ್ಕ.

"ಮೂರು ಬೆಲ್ ಅಂದ್ರೆ ಕೇಜ್‌ನಾಗೆ ಮನುಷ್ಯರವ್ರೆ, ಕಲ್ಲಲ್ಲ, ಮೆಲ್ಲಗೆ ಎತ್ತು ಅಂತ. ಒಂದು ಅಂದ್ರೆ ನಿಲ್ಸು. ಪಾಟ್ಟೂ, ಈ ಹಾಡೂ ಅಂಗೇ ತಂಬಿ. ಮನುಷ್ಯರನ್ನ ಎತ್ತೋದೇ ಅಲ್ವಾ?"

ಅಯ್ಯರ್ ಇನ್ನೊಂದು ಚರಣ ಬೇಕು ಅನ್ನುವಷ್ಟರಲ್ಲಿ ಆ ಒಂದು ಬಡಿತ ಬಿದ್ದುಬಿಡುತ್ತಿತ್ತು, ಎಲ್ಲರೂ ನಗುತ್ತಿದ್ದರು.

ಆ ವರ್ಷ ಮಳೆಗಾಲದಲ್ಲಿ ಗಣಿಯೊಳಗೆ ಬಂಡೆ ಸಿಡಿಯಿತು. ಅಲ್ಲಿ ಅದು ಹೊಸದಲ್ಲ. ನೆಲ ಅದುರುತ್ತದೆ, ಗೂಡಿನಲ್ಲಿ ಪಾತ್ರೆ ಗಲಗಲ ಅನ್ನುತ್ತದೆ, ಜನ ಊಟ ಮುಂದುವರಿಸುತ್ತಾರೆ. ಅವತ್ತು ಮಾತ್ರ ಯಾರೂ ಮುಂದುವರಿಸಲಿಲ್ಲ. ಡೇನಿಯಲ್ ಅಣ್ಣ ಇದ್ದ ಕಡೆ ಪೂರಾ ಮುಚ್ಚಿಹೋಗಿತ್ತು. ಹುಡುಕಿದರು, ಆಮೇಲೆ ಹುಡುಕುವುದನ್ನು ನಿಲ್ಲಿಸಿದರು.

ಅರ್ಪುದಮ್ಮಕ್ಕ ಎದೆಗುಂದಲಿಲ್ಲ. ಚರ್ಚಿನಲ್ಲಿ ಮುಂದಾಳು ಕಂಠ ಆಕೆಯದೇ, ಒಂದು ಭಾನುವಾರವೂ ತಪ್ಪಿಸಲಿಲ್ಲ. ಡಿಸೆಂಬರ್ ಬಂತು, ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಶುರುವಾಗಬೇಕು, ಆಗ ಕುಸಿದುಹೋದಳು. ಸೆಲ್ವರಾಜ್ ಸ್ಟೇಷನ್ನಿಗೇ ಬಂದು ನನ್ನನ್ನು ಹಿಡಿದ.

"ಲೇ, ಅಕ್ಕ ಇನ್ಮೇಲೆ ಪಾಡಲ್ಲ ಅಂತವ್ಳೆ ಕಣ್ಲಾ. ದೇವ್ರೂ ಬ್ಯಾಡ, ಚರ್ಚೂ ಬ್ಯಾಡ ಅಂತವ್ಳೆ. ಇವತ್ತು ಬಂದು ಎಲ್ರಿಗೂ ಏಳ್ಬುಟ್ಟು ಓಯ್ತಾಳಂತೆ. ನೀನಾದ್ರೂ ಒಂದ್ ಮಾತು ಏಳ್ಲಾ."

"ದೇವರಿಲ್ಲ ಅನ್ನೋ ನನ್ನನ್ನ ಕೇಳ್ತೀಯಲ್ಲೋ!"

"ಯಾವ ಪಕ್ಷ ಕೊಟ್ರೂ ಮಾತಾಡ್ತೀನಿ ಅಂತ ಜಂಬ ಕೊಚ್ತೀಯಲ್ಲ, ಇದ್ನೂ ಮಾತಾಡು."

ಹೋದೆ. ಆಕೆ ಚರ್ಚಿನ ಮೆಟ್ಟಿಲ ಮೇಲೆ ಸೆರಗು ಹೊದ್ದು ಕೂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಅಂದಳು: "ಒಂದೇ ಕೇಳಿದ್ದು ತಂಬಿ. ಮಣ್ಣು ಮಾಡಾಕೆ ಅವ್ರ ಮೈ. ಅದ್ನೂ ಕೊಡ್ಲಿಲ್ಲ ಆಂಡವರು." ಆಂಡವರ್ ಎಂದರೆ ಅವರ ಮಾತಿನಲ್ಲಿ ಕರ್ತ. "ಅವ್ರು ಕೆಳಗವ್ರೆ. ನಾನು ಅವ್ರ ತಲೆ ಮೇಲೆ ನಿಂತು ಪಾಡ್ಲಾ?"

ಆ ಪ್ರಶ್ನೆಗೆ ಎರಡು ಪಕ್ಷ ಇರಲಿಲ್ಲ. ಒಳಗೆ ಹೋಗಿ ಡೇನಿಯಲ್ ಅಣ್ಣನ ಬೆಂಚಿನ ಈ ತುದಿಯಲ್ಲಿ ಕೂತೆ. ಆತನ ತುದಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಇನ್ನೂ ಬೆಳಕಿತ್ತು, ಕಿಟಕಿಯಿಂದ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡ ಕಾಣುತ್ತಿತ್ತು. ಅಕ್ಕ ಬಂದು ಬಾಗಿಲ ಬಳಿ ನಿಂತಳು, ಕೂರಲಿಲ್ಲ. ಸೆಲ್ವರಾಜ್ ಶ್ರುತಿ ಹಿಡಿದು, ಬಿಟ್ಟ. ಹಾಡು ಎತ್ತಿಕೊಳ್ಳಲು ಯಾರಿಗೂ ಧೈರ್ಯವಿಲ್ಲ. ಅಕ್ಕ ಗಂಟಲು ಸರಿಮಾಡಿಕೊಂಡು, ಹೇಳಲೆಂದು ಬಂದ ಮಾತನ್ನು ಶುರುಮಾಡಲು ಹೊರಟಳು.

ಆಗ ಬೆಂಚು ಬಡಿಯಿತು. ಒಂದು. ಎರಡು. ಮೂರು.

ಕಿವಿಗೆ ಕೇಳಿದ್ದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನನ್ನ ಎರಡೂ ಅಂಗೈ ಆ ಹಲಗೆಯ ಮೇಲಿದ್ದವು. ಮೂರೂ ಬಡಿತ ಅಡಿಯಿಂದ ಅಂಗೈಗೆ ಬಂದವು, ಆತುರವಿಲ್ಲದೆ, ಕೆಲಸ ಬಲ್ಲವನು ಬಡಿದ ಹಾಗೆ. ಎಲ್ಲರೂ ತಿರುಗಿದರು. ಬೆಂಚಿನ ಮೇಲೆ ನಾನೊಬ್ಬನೇ. ನನ್ನ ಮುಖ ನೋಡಿ, ಬಡಿದದ್ದು ನಾನಲ್ಲ ಅಂತ ಅವರಿಗೆ ತಿಳಿದಿರಬೇಕು.

ಅಕ್ಕ ಹಾಡಿದಳು. ನಿಂತಲ್ಲಿಂದಲೇ, ಬಾಗಿಲ ಚೌಕಟ್ಟು ಹಿಡಿದುಕೊಂಡು. ಒಬ್ಬೊಬ್ಬರಾಗಿ ಉಳಿದವರೂ ಸೇರಿಕೊಂಡರು. ಅಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ, ಅಷ್ಟು ಭಯವೂ ಮತ್ತೆ ಆಗಿಲ್ಲ. ಹಾಡು ಮುಗಿಯಿತು. ಎಲ್ಲರೂ ಕಾಯುತ್ತಿದ್ದದ್ದು ಆ ಒಂದು ಬಡಿತಕ್ಕೆ. ಅದು ಬರಲಿಲ್ಲ.

"ನಿಲ್ಸು ಅಂತ ಬೆಲ್ ಬರ್ಲಿಲ್ಲ," ಅಂದಳು ಅಕ್ಕ, ಮತ್ತೆ ಮೊದಲ ಚರಣ ಎತ್ತಿಕೊಂಡಳು.

ಮುಂದಿನ ವಾರ ನಾನು ಬೆಂಚನ್ನು ತಲೆಕೆಳಗು ಮಾಡಿ ನೋಡಿದೆ. ಹಾರ್ಮೋನಿಯಂನ ಎಲ್ಲ ಸ್ವರಗಳನ್ನೂ ಒತ್ತಿಸಿದೆ. ಹಲಗೆ ಗುಂಯ್ ಅನ್ನುತ್ತದೆ, ಬಡಿಯುವುದಿಲ್ಲ. ಬಂಡೆ ಸಿಡಿತ ಅನ್ನೋಣವೇ? ಅದು ಒಮ್ಮೆ ಧಡ್ ಅನ್ನುತ್ತದೆ, ಎಣಿಸುವುದಿಲ್ಲ. ನನ್ನದೇ ರಕ್ತದ ಬಡಿತವೇ? ಹಾಗಿದ್ದರೆ ಬಾಗಿಲಲ್ಲಿ ನಿಂತವಳಿಗೆ ಹೇಗೆ ಕೇಳಿತು?

ಇದಕ್ಕಿಂತ ನನ್ನನ್ನು ಕಾಡುವುದು ಬೇರೆ. ಅಯ್ಯರ್ ಅದನ್ನು ಸಮಾಧಾನದ ಗುರುತು ಅಂದರು. ಆತ ಮೇಲೆ ಸೇರಿದ್ದಾನೆ ಅಂದರು. ಅಕ್ಕ ತಲೆಯಾಡಿಸಿದಳು, ಚರ್ಚನ್ನೂ ಬಿಡಲಿಲ್ಲ. ಆದರೆ ಮೂರು ಬೆಲ್ಲಿನ ಅರ್ಥ ನಾನು ಡೇನಿಯಲ್ ಅಣ್ಣನ ಬಾಯಿಂದಲೇ ಕೇಳಿದವನು. ಮೇಲೆ ಬಂದವನು ಅದನ್ನು ಹೊಡೆಯುವುದಿಲ್ಲ, ಕೆಳಗೆ ಇನ್ನೂ ಕಾಯುತ್ತಿರುವವನು ಹೊಡೆಯುತ್ತಾನೆ.

ಅಕ್ಕ ಇವತ್ತಿಗೂ ಹಾಡುತ್ತಾಳೆ. ಹೋದಾಗೆಲ್ಲ ನಾನು ಅದೇ ಬೆಂಚಿನಲ್ಲಿ ಕೂರುತ್ತೇನೆ. ಹಾಡು ಮುಗಿದು ಆ ಒಂದು ಬಡಿತ ಬೀಳಬೇಕಾದ ಹೊತ್ತಿಗೆ ಕೈಗಳನ್ನು ಹಲಗೆಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ.